ಆ ಅಡುಗೆಮನೆಯಿಂದ ಹೊರಗೆ ಬರೋಕೆ ನಾಲ್ಕು ತಿಂಗಳು

ನನಗೆ ಇವತ್ತಿಗೂ ಬಚ್ಚಲಮನೆ ಚಿಲಕ ಹಾಕಿಕೊಂಡು ಸ್ನಾನ ಮಾಡೋಕೆ ಆಗೋದಿಲ್ಲ. ನಗೋರು ನಗಲಿ. ನಮ್ಮ ಮನೆಗೆ ಬರುವ ನೆಂಟರಿಗೆಲ್ಲಾ ಇದು ಗೊತ್ತು. ಬಚ್ಚಲ ಬಾಗಿಲು ಓರೆಯಾಗಿದ್ದರೆ ಒಳಗೆ ಸುಶೀಲ ಇದ್ದಾಳೆ ಅಂತ ತಿಳಕೊಂಡು ಆಚೆ ಹೋಗುತ್ತಾರೆ. ಮೊದಮೊದಲು ನಾಚಿಕೆಯಿಂದ ಸಾಯುತ್ತಿದ್ದೆ. ಈಗ ಸಕ್ಕರೆ ಕಾಯಿಲೆಯವರು ಕಾಫಿಗೆ ಸಕ್ಕರೆ ಬೇಡ ಅಂತಾರಲ್ಲ, ಹಾಗೇ ನಾನು ಚಿಲಕ ಬೇಡ ಅಂತೀನಿ, ಅಷ್ಟೆ.

ಇದನ್ನು ಬರೀತಿರೋದು ಹೆಗಲಿಗೆ ಚೀಲ ನೇತುಹಾಕಿಕೊಂಡು ಕಂಡೋರ ಮನೆ ಬಾಗಿಲು ತಟ್ಟುವ ಹೆಣ್ಣುಮಕ್ಕಳಿಗೆ. ಊರಿಗೆಲ್ಲಾ ಧೈರ್ಯ ಹೇಳುವ ನಮಗೇ ಕಾಯಿಲೆ ಬಂದರೆ ಅದಕ್ಕೆ ಹೆಸರು ಇಟ್ಟುಕೊಳ್ಳೋಕೂ ಆಗೋದಿಲ್ಲ. ನನಗೆ ಆಗಲಿಲ್ಲ. ಹಾಗಾಗಿ ಆದದ್ದನ್ನು ಆದ ಹಾಗೇ ಹೇಳ್ತೀನಿ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಪಾಂಡವಪುರದಲ್ಲಿ. ನಮ್ಮ ಯಜಮಾನರು ಅರಕೆರೆಯಲ್ಲಿ ಮೇಷ್ಟರು. ನಾನು ಕೆ.ಆರ್. ಪೇಟೆಯ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಹಳ್ಳಿಗಳಿಗೆ ಹೋಗಿ ಮಹಿಳಾ ಸಂಘ ಕಟ್ಟೋದು, ಗಂಡನ ಏಟು ತಿನ್ನೋ ಹೆಣ್ಣುಮಕ್ಕಳು ಇದ್ದರೆ ಅವರನ್ನು ಮಾತಾಡಿಸಿ ದಾರಿ ಹುಡುಕಿಕೊಡೋದು, ಇದು ಕೆಲಸ. ಹತ್ತು ವರ್ಷ ಮಾಡಿದ್ದೆ. ಹೊಸಬರಿಗೆ ಟ್ರೈನಿಂಗ್ ಕೊಡೋಳೂ ನಾನೇ. ಟ್ರೈನಿಂಗಿನಲ್ಲಿ ಒಂದು ಮಾತು ಹೇಳುತ್ತಿದ್ದೆ, ಅದನ್ನು ಎಲ್ಲರೂ ಪುಸ್ತಕದಲ್ಲಿ ಬರಕೊಳ್ಳುತ್ತಿದ್ದರು: "ಹಜಾರದಲ್ಲಿ ಕೂತರೆ ಕತೆ ಸಿಗುತ್ತೆ, ಒಲೆ ಮುಂದೆ ಕೂತರೆ ಸತ್ಯ ಸಿಗುತ್ತೆ."

ಸುಳ್ಳೇನಲ್ಲ. ನಮ್ಮ ಕಡೆ ಹೆಂಗಸರು ಜಗಲಿ ಮೇಲೆ ಕೂತರೆ ಮಳೆ ಬೆಳೆ ಮಾತಾಡ್ತಾರೆ. ಹಜಾರದಲ್ಲಿ ಅತ್ತೆ ಮಾವ ಇರುತ್ತಾರೆ, ಬಾಯಿ ಬಿಡೋದಿಲ್ಲ. ಅಡುಗೆಮನೆಗೆ ಹೋಗಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೊಪ್ಪು ಬಿಡಿಸಿಕೊಡುತ್ತಾ, ಕೊಟ್ಟ ಕಾಫಿ ಕುಡಿದರೆ ಆಗ ನಿಧಾನಕ್ಕೆ ಸೆರಗು ಸರಿಸಿ ಬೆನ್ನ ಮೇಲಿನ ಬಾಸುಂಡೆ ತೋರಿಸ್ತಾರೆ. ಆದ್ದರಿಂದ ಯಾವ ಮನೆಗೆ ಹೋದರೂ ನನ್ನ ಕಾಲು ನೇರ ಅಡುಗೆಮನೆಗೇ ಹೋಗುತ್ತಿತ್ತು. ಅದು ಬೀದಿ ಬಾಗಿಲಿಗೆ ಎಲ್ಲಕ್ಕಿಂತ ದೂರದ ಕೋಣೆ ಅನ್ನೋದು ಹತ್ತು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ.

ಮಂಜುಳ ಅಂತ ಒಬ್ಬಳು ಹುಡುಗಿ ನನಗೆ ಸಿಕ್ಕಿದ್ದು ಸಂತೆಬಾಚಹಳ್ಳಿಯ ಸಂತೆಯಲ್ಲಿ. ಮದುವೆಯಾಗಿ ಎರಡು ವರ್ಷ. ತುಟಿ ಒಡೆದಿತ್ತು. ಟೊಮೇಟೊ ಆರಿಸುವ ಹಾಗೆ ಮಾಡುತ್ತಾ, "ಅಕ್ಕ, ನಮ್ ಯಜಮಾನ ಹಗಲೆಲ್ಲಾ ಆಲೆಮನೆ ಕೆಲ್ಸಕ್ಕೆ ಓಗ್ತದೆ. ಆವಾಗ ಬನ್ನಿ. ನೀವು ಬರೋದು ಯಾರ್ಗೂ ಗೊತ್ತಾಗ್ಬಾರ್ದು" ಅಂದಳು. ನಮ್ಮ ಸಂಸ್ಥೆಯ ಜೀಪಿನ ಡ್ರೈವರ್ ಅವಳ ಗಂಡನ ಊರಿನವನೇ. ಅದಕ್ಕೆ ನಾನು ಆಫೀಸಿನ ಚಲನವಲನದ ಪುಸ್ತಕದಲ್ಲಿ "ಬೆಳಗೊಳ, ಸಂಘದ ಸಭೆ" ಅಂತ ಬರೆದು, ಬಸ್ಸು ಹತ್ತಿ ಸಂತೆಬಾಚಹಳ್ಳಿ ಕಡೆ ಹೋದೆ. ಗುಟ್ಟಿನ ಕೇಸು ಇದ್ದಾಗ ನಾವೆಲ್ಲಾ ಹಾಗೇ ಮಾಡುತ್ತಿದ್ದೆವು. ಅದನ್ನೇ ಜಾಣತನ ಅಂದುಕೊಂಡಿದ್ದೆವು.

ಹನ್ನೊಂದು ಗಂಟೆ ಇರಬೇಕು. ಚಪ್ಪಲಿ ಜಗಲಿ ಪಕ್ಕ ಬಿಟ್ಟು ಒಳಗೆ ಹೋದೆ. ಮಂಜುಳ ಒಲೆ ಮೇಲೆ ಹುರುಳಿ ಬೇಯಿಸುತ್ತಿದ್ದಳು. ಸೌದೆ ಹಸಿ, ಹೊಗೆ. ಮಾತು ಆಗ ತಾನೇ ಶುರುವಾಗಿತ್ತು, ಅಷ್ಟರಲ್ಲಿ ಹಜಾರದಲ್ಲಿ ಗಂಡಸಿನ ಧ್ವನಿ ಕೇಳಿತು: "ಯಾವಳೇ ಅವ್ಳು ಪ್ಯಾಟೆ ಚಪ್ಲಿಯೋಳು?"

ಅವನು ಆವತ್ತು ಕೆಲಸಕ್ಕೆ ಹೋಗಿರಲಿಲ್ಲ. ಕೈಯಲ್ಲಿ ಕಬ್ಬು ಕಡಿಯೋ ಮಚ್ಚು. ನನಗೆ ಹೊಡೆಯಲಿಲ್ಲ, ಮುಟ್ಟಲೂ ಇಲ್ಲ. ಹೆಂಡತಿಯ ಜಡೆ ಹಿಡಿದು ಆಚೆಗೆ ಎಳೆದ. ಅಡುಗೆಮನೆ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ. ಬೆಕ್ಕು ನುಗ್ಗದಿರಲಿ ಅಂತ ನಮ್ಮ ಹಳ್ಳಿ ಮನೆಗಳಲ್ಲಿ ಅಡುಗೆಮನೆಗೆ ಹೊರಗಡೆ ಚಿಲಕ ಇರುತ್ತದೆ. "ಏನಮ್ಮೋ, ನನ್ ಸಂಸಾರ ಒಡ್ಯಾಕೆ ಬಂದಿದ್ದೀಯಾ? ಕೂತ್ಕೊ ಅಂಗೇಯ. ಒಲೆ ಮುಂದೆ ಕೂತ್ಕಂಡು ಸಂಸಾರ ಅಂದ್ರೇನು ಅಂತ ಕಲ್ತ್ಕೊ" ಅಂದ. ಮಚ್ಚಿನಿಂದ ಬಾಗಿಲಿಗೆ ಟಕ್ ಟಕ್ ಅಂತ ಬಡಿದ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದ: "ಕಿರುಚ್ಕೊ ಬೇಕಾದ್ರೆ. ಜನ ಬರ್ಲಿ. ಕಂಡೋರ್ ಗಂಡನ್ ಮನೆ ಅಡ್ಗೆಮನೇಲಿ ಇವ್ಳಿಗೇನ್ ಕೆಲ್ಸ ಅಂತ ನಾನೇ ಕೇಳ್ತೀನಿ."

ನಾನು ಕಿರುಚಲಿಲ್ಲ. ಇದನ್ನು ಬರೆಯೋಕೆ ನನಗೆ ಇವತ್ತಿಗೂ ಕಷ್ಟ. ಬೀದಿ ಹದಿನೈದು ಹೆಜ್ಜೆ ದೂರ. ಬಾವಿ ಹತ್ತಿರ ಹೆಂಗಸರು ಮಾತಾಡೋದು ಕೇಳಿಸುತ್ತಿತ್ತು. ಒಂದು ಸಲ "ಅಯ್ಯೋ" ಅಂದಿದ್ದರೆ ಸಾಕಿತ್ತು. ಆದರೆ ಬಾಗಿಲು ತೆಗೆದ ಮೇಲೆ ಆ ಹೆಂಗಸರೆಲ್ಲಾ ನನ್ನನ್ನು ಹೇಗೆ ನೋಡ್ತಾರೆ, ಬಸ್ಸಿನಲ್ಲಿ ಆ ಮಾತು ನನಗಿಂತ ಮೊದಲೇ ಪಾಂಡವಪುರ ಹೇಗೆ ತಲುಪುತ್ತೆ, ಅದೇ ಕಣ್ಣ ಮುಂದೆ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಮಾಡಿನ ಗವಾಕ್ಷಿ ಒಂದೇ ಇದ್ದದ್ದು ಬೆಳಕಿಗೆ. ಹುರುಳಿ ಸೀದು ಹೊಗೆ ತುಂಬಿತು. ಬಿಂದಿಗೆ ನೀರು ಒಲೆಗೆ ಸುರಿದೆ, ಹೊಗೆ ಇನ್ನೂ ಹೆಚ್ಚಾಯಿತು. ಟಕ್ ಟಕ್ ಸದ್ದು ಆಗಾಗ ಬರುತ್ತಲೇ ಇತ್ತು. ಉಸಿರು ಎಳೆದರೆ ಒಳಗೆ ಹೋಗುತ್ತಿರಲಿಲ್ಲ. ಇಲ್ಲೇ ಸಾಯ್ತೀನಿ, ಆಫೀಸಿನವರು ನನ್ನನ್ನು ಬೆಳಗೊಳದಲ್ಲಿ ಹುಡುಕ್ತಾರೆ ಅಂದುಕೊಂಡೆ.

ನಾಲ್ಕು ಗಂಟೆಗೆ ಬಾಗಿಲು ತೆಗೆದದ್ದು ಪಕ್ಕದ ಮನೆಯ ಮುದುಕಿ. ಹಾಲಿಗೆ ಹೆಪ್ಪು ಕೇಳೋಕೆ ಬಂದಿದ್ದಳಂತೆ. "ಅಯ್ಯೋ ಸಿವ್ನೆ, ಯಾರವ್ವ ನೀನು? ಬೆಕ್ಕು ಸಿಕ್ಕಾಕ್ಕಂಡೈತೆ ಅನ್ಕಂಡ್ನಲ್ಲ" ಅಂದಳು. ಅವನು ಎಲ್ಲಿ ಅಂತ ಕೈಸನ್ನೆ ಮಾಡಿದೆ. "ಅವ್ನಾ? ಎಡ್ತೀನ ಕರ್ಕಂಡು ಆಗ್ಲೇ ಒಂಟೋದ್ನಲ್ಲ, ಒತ್ತು ನೆತ್ತಿಗೆ ಬರಕ್ ಮುಂಚೆಯಾ."

ಅಂದರೆ ನಾಲ್ಕು ಗಂಟೆ ಹೊತ್ತು ಬಾಗಿಲ ಆಚೆ ಯಾರೂ ಇರಲಿಲ್ಲ. ಆ ಸದ್ದು ಹಿತ್ತಲಲ್ಲಿ ಎಮ್ಮೆ ಗೊರಸು ಬಡಿದದ್ದಿರಬೇಕು. ಮುದುಕಿ ಚೊಂಬಿನ ತುಂಬ ಮಜ್ಜಿಗೆ ಕೊಟ್ಟು, ನನ್ನ ಮುಖದ ಮಸಿಯನ್ನು ತನ್ನ ಸೆರಗಿನಿಂದಲೇ ಒರೆಸಿ, "ಯಾರ್ಗೂ ಏಳಕ್ ಓಗ್ಬ್ಯಾಡ ಕಣವ್ವ. ಎಣ್ಣೆಂಗ್ಸು ನೀನು" ಅಂದಳು. ಅವಳು ಒಳ್ಳೇದಕ್ಕೇ ಹೇಳಿದ್ದು. ನಾನೂ ಸರಿ ಅಂದುಕೊಂಡೆ. ಮನೆಯಲ್ಲಿ ಆಲೆಮನೆ ಹೊಗೆ ಕುಡಿದೆ ಅಂದೆ. ಆಫೀಸಿನಲ್ಲಿ ಏನೂ ಹೇಳಲಿಲ್ಲ, ಹೇಳೋಕೆ ಹೋದರೆ ಪುಸ್ತಕದಲ್ಲಿ ಸುಳ್ಳು ಬರೆದದ್ದನ್ನೂ ಹೇಳಬೇಕಿತ್ತು. ಮಂಜುಳನ ಫೈಲಿನಲ್ಲಿ ನಾನೇ ಮೊದಲು ಬರೆದಿದ್ದ ಸಾಲು ಹಾಗೇ ಉಳಿಯಿತು: "ಹಗಲು ಗಂಡ ಮನೆಯಲ್ಲಿ ಇರುವುದಿಲ್ಲ. ಮನೆ ಭೇಟಿಗೆ ಅನುಕೂಲ."

ಹದಿನೈದು ದಿನ ಏನೂ ಆಗಲಿಲ್ಲ. ಎಂದಿನ ಹಾಗೆ ಕೆಲಸಕ್ಕೆ ಹೋದೆ. ಒಂದು ದಿನ ಕೆ.ಆರ್. ಪೇಟೆಯಿಂದ ವಾಪಸು ಬರುವಾಗ ಮಳೆ ಬಂತು. ಕಂಡಕ್ಟರ್ ಕಿಟಕಿಯ ಪರದೆಗಳನ್ನೆಲ್ಲಾ ಎಳೆಸಿ, ಬಾಗಿಲು ಧಡಾರ್ ಅಂತ ಹಾಕಿದ. ಅಷ್ಟೇ. ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಕೈ ಬೆರಳು ಜುಮುಜುಮು. ಉಸಿರು ಇಲ್ಲ. "ನಿಲ್ಸಿ, ನಿಲ್ಸಿ" ಅಂತ ಕೂಗಿದೆ, ಆವತ್ತು ಬಾರದ ಕೂಗು ಆಗ ಬಂತು. ಕಬ್ಬಿನ ಗದ್ದೆ ನಡುವೆ ಮಳೆಯಲ್ಲಿ ಇಳಿದು ನಿಂತೆ. ಬಸ್ಸಿನವರು ವಾಂತಿ ಇರಬೇಕು ಅಂತ ಸ್ವಲ್ಪ ಕಾದು ಹೊರಟುಹೋದರು.

ಅಲ್ಲಿಂದ ಶುರು. ಬಸ್ಸು ಹತ್ತೋಕೆ ಆಗಲಿಲ್ಲ. ಆಮೇಲೆ ಸಿನಿಮಾ ಟೆಂಟು, ಆಮೇಲೆ ಅಂಗಡಿ, ಆಮೇಲೆ ನಮ್ಮ ಮನೆಯ ಬಚ್ಚಲು. ಹೊರಗೆ ಹೋದರೆ ಉಸಿರು ನಿಲ್ಲುತ್ತೆ ಅನ್ನೋ ಭಯ, ಒಳಗಿದ್ದರೆ ಗೋಡೆ ಹತ್ತಿರ ಬರುತ್ತೆ ಅನ್ನೋ ಭಯ. ಒಂದು ತಿಂಗಳಲ್ಲಿ ನಾನು ಓಡಾಡುವ ಜಾಗ ಹಜಾರದಿಂದ ಜಗಲಿ, ಜಗಲಿಯಿಂದ ಹಜಾರ ಅಷ್ಟಕ್ಕೆ ಬಂದು ನಿಂತಿತು. ರಜ ಹಾಕಿದೆ.

ಎಲ್ಲರೂ ನನ್ನ ಶ್ವಾಸಕೋಶ ನೋಡಿದರು. ಹೊಗೆ ಕುಡಿದವಳಲ್ಲವಾ. ಪಾಂಡವಪುರದ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಕಫ ಪರೀಕ್ಷೆ ಮಾಡಿಸಿದರು. ಕಫ ಅಂದ ತಕ್ಷಣ ನಮ್ಮ ಯಜಮಾನರ ಮುಖ ಸಪ್ಪೆಯಾಯಿತು. ಟಿ.ಬಿ. ಅಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಆದರೆ ನನ್ನ ತಟ್ಟೆ ಲೋಟ ತಾನಾಗೇ ಬೇರೆಯಾಯಿತು. ಏನೂ ಇಲ್ಲ ಅಂತ ವರದಿ ಬಂದಾಗ ಮೇಷ್ಟರು ಖುಷಿಯಿಂದ ಮನೆಗೆಲ್ಲಾ ಮೈಸೂರುಪಾಕ್ ತಂದರು. ನನಗೆ ಅಳು ಬಂತು. ಏನಾದರೂ ಇದ್ದಿದ್ದರೆ ಹೆಸರಾದರೂ ಇರುತ್ತಿತ್ತಲ್ಲಾ ಅಂತ. ಎದೆಯ ಇ.ಸಿ.ಜಿ.ಯೂ ಚೆನ್ನಾಗಿತ್ತು. "ಗ್ಯಾಸು ಕಣಮ್ಮ" ಅಂದರು. ಇನ್ನೊಬ್ಬರು ರಕ್ತ ಕಮ್ಮಿ ಅಂದರು. ಓರಗಿತ್ತಿಯರು "ಕೆಲಸಕ್ಕೆ ಹೋಗೋಕೆ ಸೋಮಾರಿತನ" ಅಂದದ್ದೂ ನನ್ನ ಕಿವಿಗೆ ಬಿತ್ತು.

ನಮ್ಮತ್ತೆ ನಿಂಗಮ್ಮ ಇವರೆಲ್ಲರಿಗಿಂತ ಬೇರೆ. ಅಕ್ಷರ ಬಾರದು, ಬಾಯಿ ಜೋರು, ಮುಂಜಾನೆಯಿಂದ ಬೈದುಕೊಂಡೇ ಓಡಾಡೋ ಹೆಂಗಸು. "ಕಣ್ಣಾಗೈತೆ. ಮನೆ ಮನೆ ತಿರ್ಗ್ತಿದ್ಲಲ್ಲ, ಯಾವಳ ಕಣ್ಣು ಬಿತ್ತೋ" ಅಂತ ಒಂದು ದಿನ ದೃಷ್ಟಿ ತೆಗೆಯೋಕೆ ನನ್ನನ್ನು ಒಲೆ ಮುಂದೆ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರು. ಮೆಣಸಿನಕಾಯಿ ಘಾಟು ಎದ್ದದ್ದೇ ತಡ ನಾನು ಗೋಡೆ ಕೆರೆಯೋಕೆ ಹತ್ತಿದೆ. ಅತ್ತೆ ಹೆದರಿ ನೀರು ಚಿಮುಕಿಸಿದರು, ಎತ್ತಿ ಜಗಲಿಗೆ ಕರಕೊಂಡು ಬಂದರು. ನಾನು ಸುಧಾರಿಸಿಕೊಳ್ಳೋ ತನಕ ಸೆರಗಿನಿಂದ ಗಾಳಿ ಬೀಸಿದರು. ಆಮೇಲೆ ಹೇಳಿದರು: "ಸುಸೀಲ, ನೀನು ಒಗೆಗೆ ಎದರ್ನಿಲ್ಲ ಕಣಮ್ಮಿ. ನಾ ನೋಡ್ತಿದ್ದೆ. ನೀನು ಬಾಗ್ಲು ನೋಡ್ತಿದ್ದೆ."

ಅತ್ತೆ ಮುಂದೆ ಏನೂ ಕೇಳಲಿಲ್ಲ. ಮಾರನೇ ದಿನ ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಚಿಲಕವೇ ಇಲ್ಲ. ಮೊಳೆ ಸಮೇತ ಕಿತ್ತು ಹಾಕಿದ್ದರು. ಬಾಗಿಲ ಆಚೆ ಬೆನ್ನು ಕೊಟ್ಟು ಕೂತು, ಅವರೆಕಾಯಿ ಸುಲೀತಾ, ಯಾರು ಆ ಕಡೆ ಬಂದರೂ "ಓಗ್ಲಾ ಆಕಡೆ" ಅಂತ ಗದರುತ್ತಿದ್ದರು. ನಾನು ಒಳಗೆ ನೀರು ಹಾಕಿಕೊಳ್ಳುತ್ತಾ ಅಳುತ್ತಿದ್ದೆ. ಆ ಎರಡು ತಿಂಗಳು ನಾನು ಮೈ ತೊಳೆದುಕೊಂಡದ್ದು ಅವರ ದಯದಿಂದ. ಮಗಳು ನಂದಿನಿ ಏಳನೇ ಕ್ಲಾಸು, ಅವಳೂ ಯಾರೂ ಹೇಳದೆ ಮನೆಯ ಬಾಗಿಲುಗಳಿಗೆಲ್ಲಾ ಇಟ್ಟಿಗೆ ಚೂರು ಒತ್ತುಕೊಟ್ಟು ನಿಲ್ಲಿಸುತ್ತಿದ್ದಳು.

ಕೊನೆಗೆ ಪಾಂಡವಪುರದ ಡಾಕ್ಟರೇ ಮೈಸೂರಿಗೆ ಒಂದು ಚೀಟಿ ಬರೆದುಕೊಟ್ಟರು. ಚೀಟಿ ಓದಿ ಮೇಷ್ಟರು ಮಡಿಸಿ ಜೇಬಿಗಿಟ್ಟುಕೊಂಡರು. ಮನೋರೋಗ ವಿಭಾಗ. ಮೂರು ದಿನ ಮನೆಯಲ್ಲಿ ಯಾರೂ ಆ ಚೀಟಿಯ ಮಾತೆತ್ತಲಿಲ್ಲ. ನಾಲ್ಕನೇ ದಿನ ಅತ್ತೆ, "ಉಚ್ಚಾಸ್ಪತ್ರೆ ಅಂದ್ರೇನ್ಲಾ, ಅಲ್ಲೂ ಡಾಕ್ಟ್ರೇ ತಾನೆ ಇರೋದು? ಕರ್ಕಂಡೋಗು" ಅಂತ ಮಗನಿಗೆ ಬೈದರು. ಬಸ್ಸು ಆಗದು ಅಂತ ಗೆಳೆಯರ ಸ್ಕೂಟರಿನಲ್ಲಿ ಹೋದೆವು, ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ಎದುರಿಗೇ ಶ್ರೀರಂಗಪಟ್ಟಣದ ನಮ್ಮ ಸಂಬಂಧದ ಸಾವಿತ್ರಕ್ಕ! ಇಬ್ಬರಿಗೂ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. "ಏನ್ ಸುಶೀಲ, ಇಲ್ಲಿ?" "ಪೇಷಂಟ್ ನೋಡೋಕೆ ಬಂದೋ ಅಕ್ಕ. ನೀವು?" "ನಾವೂ ಅಷ್ಟೆ." ಮಳೆ, ಕಬ್ಬು, ನಾಲೆ ನೀರು ಎಲ್ಲಾ ಮಾತಾಡಿದೆವು. ಅಷ್ಟರಲ್ಲಿ ಒಳಗಿನಿಂದ ಜೋರಾಗಿ "ಸಾವಿತ್ರಮ್ಮ, ಅವರ ಹಿಂದೆ ಸುಶೀಲಮ್ಮ" ಅಂತ ಕೂಗಿದರು. ಸಾವಿತ್ರಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ತಿಂಗಳುಗಳ ಮೇಲೆ ಮೊದಲ ಸಲ ನಕ್ಕೆ. ಆಮೇಲಿನ ಸಲ ಹೋದಾಗ ಸಾವಿತ್ರಕ್ಕ ಹೊರಬಾಗಿಲ ಪಕ್ಕದ ಜಾಗ ನನಗೆ ಅಂತ ಹಿಡಿದಿಟ್ಟಿದ್ದರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಬಾಗಿಲು ಹಾಕೋಕೆ ಎದ್ದವರು ನನ್ನ ಮುಖ ನೋಡಿ ಹಾಗೇ ಬಿಟ್ಟು ಬಂದು ಕೂತರು. ನಾನು ಎಲ್ಲಾ ಹೇಳಿದೆ, ಆ ಅಡುಗೆಮನೆ ಒಂದನ್ನು ಬಿಟ್ಟು. ಅವರು, "ಸುಶೀಲಮ್ಮ, ಇದು ಕಾಯಿಲೆ. ಹುಚ್ಚಲ್ಲ, ನಾಟಕವೂ ಅಲ್ಲ. ಯಾವುದೋ ದೊಡ್ಡ ಹೆದರಿಕೆ ಆದವರಿಗೆ ಬರುತ್ತೆ, ವಾಸಿಯೂ ಆಗುತ್ತೆ" ಅಂದರು. ಮಾತ್ರೆ ಕೊಟ್ಟರು. ಬಾಗಿಲು ದಿನಕ್ಕೆ ಒಂದೊಂದು ಅಂಗುಲ ಮುಚ್ಚಿ ಕೂರೋ ಅಭ್ಯಾಸ ಹೇಳಿಕೊಟ್ಟರು. ಹೆದರಿಕೆ ಏನಾಯಿತು ಅಂತ ಬಲವಂತ ಮಾಡಲಿಲ್ಲ. ಮೂರನೇ ಸಲ ಹೋದಾಗ ನಾನೇ ಹೇಳಿದೆ. ನಮ್ಮ ಯಜಮಾನರನ್ನು ಆಚೆ ಕಳಿಸಿ ಹೇಳಿದೆ. ಡಾಕ್ಟರು ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

"ಈಗ ನಿಮ್ಮ ಬದಲು ಆ ಊರಿಗೆ ಯಾರು ಹೋಗ್ತಾರೆ?"

"ಯಾರೂ ಇಲ್ಲ ಮೇಡಂ. ನಾನೇ ರಜದಲ್ಲಿದ್ದೀನಲ್ಲ."

"ಎಷ್ಟು ದಿನ ಅಂತ ಬಿಡ್ತಾರೆ? ಯಾರನ್ನಾದರೂ ಕಳಿಸೇ ಕಳಿಸ್ತಾರೆ ಸುಶೀಲಮ್ಮ."

ನನ್ನ ಕಾಯಿಲೆಯಲ್ಲಿ ನಾನು ಎಷ್ಟು ಮುಳುಗಿದ್ದೆ ಅಂದರೆ ಆ ಯೋಚನೆಯೇ ಬಂದಿರಲಿಲ್ಲ. ಅಲ್ಲಿಂದ ಮುಂದೆ ಮಾತ್ರೆ ಕೆಲಸ ಮಾಡಿದರೂ ಎದೆಯೊಳಗೆ ಒಂದು ಕಲ್ಲು ಕೂತಿತು.

ಹತ್ತು ದಿನ ಕಳೆಯಿತು. ಒಂದು ಸಂಜೆ ನಸೀಮಾ ಬಂದಳು. ನನ್ನ ಜೊತೆ ಕೆಲಸ ಮಾಡೋ ಹುಡುಗಿ, ಪಾಂಡವಪುರದವಳೇ, ಏಳು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿದ್ದೆವು. ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ, "ಅಕ್ಕಾ, ನಿಮ್ಮ ಊರುಗಳ್ನ ನಂಗೆ ಕೊಟ್ಬುಟ್ರು. ನಾಳೆಯಿಂದ ಸಂತೆಬಾಚಹಳ್ಳಿ ಕಡೆ. ಮಂಜುಳ ಅಂತ ಒಂದು ಕೇಸ್ ಇದೆಯಲ್ಲ, ಮೊದ್ಲು ಅಲ್ಲಿಗೇ ಹೋಗ್ತೀನಿ. ಹಗಲು ಗಂಡ ಇರಲ್ಲ ಅಂತ ಬರ್ದಿದೀರಲ್ಲ, ಒಳ್ಳೇದಾಯ್ತು" ಅಂದಳು.

ಹೇಳು, ಹೇಳು ಅಂತ ಒಳಗೆ ಒಬ್ಬಳು ಬಡಕೊಳ್ಳುತ್ತಿದ್ದಳು. ಹಜಾರದಲ್ಲಿ ಮೇಷ್ಟರು ಪೇಪರ್ ಓದುತ್ತಿದ್ದರು, ಓರಗಿತ್ತಿ ಅಕ್ಕಿ ಆರಿಸುತ್ತಿದ್ದಳು. "ಹುಷಾರು ಕಣೇ" ಅಂದೆ. ಅಷ್ಟೇ ಅಂದದ್ದು. ಅವಳು "ಇನ್ಶಾ ಅಲ್ಲಾ, ನೀವು ಬೇಗ ಹುಷಾರಾಗಿ ಅಕ್ಕಾ" ಅಂತ ನನಗೇ ಹಾರೈಸಿ ಹೋದಳು.

ಮುಂದಿನದ್ದು ಹೇಳೋ ಮೊದಲು, ಆಮೇಲೆ ಏನೇನಾಯಿತು ಅನ್ನೋದನ್ನು ಇಲ್ಲೇ ಮುಗಿಸಿಬಿಡ್ತೀನಿ. ನಾನು ಆರು ತಿಂಗಳ ಮೇಲೆ ಕೆಲಸಕ್ಕೆ ವಾಪಸು ಹೋದೆ. ಮಾತ್ರೆ ಎರಡು ವರ್ಷ ತಗೊಂಡೆ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಸಿಕ್ಕರೆ ಕೂರ್ತೀನಿ, ಇಲ್ಲದಿದ್ದರೆ ಇನ್ನೊಂದು ಬಸ್ಸಿಗೆ ಕಾಯ್ತೀನಿ. ನಮ್ಮ ಸಂಸ್ಥೆಯಲ್ಲಿ ಗುಟ್ಟಿನ ಕೇಸುಗಳಿಗೆ ಬೇರೆ ಪುಸ್ತಕ ಬಂತು, ಅದು ಸೆಕ್ರೆಟರಿ ಮೇಜಿನ ಒಳಗೆ ಇರುತ್ತದೆ, ಅದರಲ್ಲಿ ಸುಳ್ಳು ಬರೆಯೋ ಹಾಗಿಲ್ಲ. ಹೊಡೆಯೋ ಗಂಡ ಇರುವ ಮನೆಗೆ ಇಬ್ಬರು ಹೋಗಬೇಕು, ಸಂಜೆ ಐದಕ್ಕೆ ಬರದಿದ್ದರೆ ಹುಡುಕಿಕೊಂಡು ಜೀಪು ಹೊರಡಬೇಕು. ಇದನ್ನೆಲ್ಲಾ ಮಾಡೋಕೆ ಜಗಳ ಆಡಿದ್ದು ನಾನೇ. ಆದರೆ ನನಗೆ ಶಹಬ್ಬಾಸ್ ಹೇಳಬೇಡಿ, ಆ ದಿನದ ಮಾತು ಪೂರ್ತಿ ಕೇಳಿ.

ನಸೀಮಾ ಬಂದು ಹೋದ ಮಾರನೇ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ನನಗೆ ತಡೆಯೋಕಾಗಲಿಲ್ಲ. ಮೇಷ್ಟರು ಸ್ಕೂಲಿಗೆ ಹೋಗಿಯಾಗಿತ್ತು. "ಅತ್ತೆ, ಫೋನ್ ಮಾಡಬೇಕು, ಬನ್ನಿ" ಅಂದೆ. ಯಾರಿಗೆ, ಏನು ಅಂತ ಕೇಳದೆ ಅತ್ತೆ ಸೆರಗು ಹೊದ್ದು ಹೊರಟರು. ಆಸ್ಪತ್ರೆಗೆ ಹೋದದ್ದು ಬಿಟ್ಟರೆ ಎರಡು ತಿಂಗಳ ಮೇಲೆ ಜಗಲಿ ಇಳಿದು ನಡೆದೆ, ಅವರ ತೋಳು ಹಿಡಿದುಕೊಂಡು. ಬಸ್ ಸ್ಟಾಂಡಿನ ಹತ್ತಿರ ಎಸ್.ಟಿ.ಡಿ. ಬೂತು. ಒಬ್ಬರು ನಿಲ್ಲುವಷ್ಟು ಗಾಜಿನ ಗೂಡು, ಅದಕ್ಕೊಂದು ಬಾಗಿಲು. ಅದನ್ನು ಕಂಡೇ ಅತ್ತೆಯ ತೋಳು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಒಳಗೆ ಹೋದೆ. ನಂಬರ್ ಒತ್ತಿದೆ. ಆ ಕಡೆ ಸೆಕ್ರೆಟರಿ "ಹಲೋ" ಅಂದರು. ಬಾಗಿಲು ಮುಚ್ಚಿಕೊಂಡೆ, ಈ ಮಾತನ್ನು ಬಾಗಿಲು ತೆಗೆದಿಟ್ಟು ಯಾರು ಆಡ್ತಾರೆ? ಮುಚ್ಚಿದ ಕ್ಷಣ ಉಸಿರು ಹೋಯಿತು. ಗಾಜಿನ ಮೇಲೆ ನನ್ನದೇ ಉಸಿರು ಮಂಜು ಕಟ್ಟಿ ಆಚೆ ಕಾಣದಾಯಿತು. ಫೋನು ಹಾಗೇ ನೇತಾಡೋಕೆ ಬಿಟ್ಟು ಆಚೆ ಬಿದ್ದೆ. ಬೂತಿನವರು "ಏನಾಯ್ತಮ್ಮ?" ಅಂದರು. ಅತ್ತೆ ನನ್ನ ಬೆನ್ನು ಸವರಿದರು. "ಬಾಗ್ಲು ತಕ್ಕಂಡೇ ಮಾತಾಡಮ್ಮಿ."

ಅವರಿಗೆ ಗೊತ್ತಿರಲಿಲ್ಲ, ನಾನು ಏನು ಮಾತಾಡಬೇಕು ಅಂತ. ಹೊರಗೆ ಫೋನಿಗೆ ಕಾದಿದ್ದ ಮೂವರು ಗಂಡಸರು, ಹೂ ಮಾರೋ ಹೆಂಗಸು, ಕಬ್ಬಿನ ಲೋಡು ಹೊತ್ತು ಗುಡುಗುಡು ಅಂತ ನಿಂತ ಟ್ರಾಕ್ಟರು. ಆ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ಕೇಳಿಸೋದೇ ಇಲ್ಲ. ಬಾಗಿಲು ಮುಚ್ಚಿದರೆ ಉಸಿರಿಲ್ಲ, ತೆಗೆದರೆ ಮಾನ ಇಲ್ಲ. ನಸೀಮಾಳ ಮುಖ ಕಣ್ಣ ಮುಂದೆ ಬಂತು. ಬಾಗಿಲು ಪೂರ್ತಿ ತಳ್ಳಿ, ಮತ್ತೆ ನಂಬರ್ ಒತ್ತಿ ಕೂಗಿದೆ.

"ಸಾರ್, ನಸೀಮಾನ ಆ ಮನೆಗೆ ಕಳಿಸಬೇಡಿ. ಮಂಜುಳನ ಮನೆಗೆ."

"ಯಾಕಮ್ಮ? ಕೇಳಿಸ್ತಿಲ್ಲ, ಜೋರಾಗಿ ಹೇಳಿ."

"ಅವಳ ಗಂಡ ನನ್ನನ್ನ ಅಡುಗೆಮನೇಲಿ ಕೂಡಿ ಹಾಕಿದ್ದ ಸಾರ್! ಮಚ್ಚು ಇಟ್ಕೊಂಡಿದ್ದ. ಐದು ಗಂಟೆ ಕೂಡಿ ಹಾಕಿದ್ದ. ನಾನು ಬೆಳಗೊಳಕ್ಕೆ ಹೋಗಿರಲಿಲ್ಲ. ಸುಳ್ಳು ಬರೆದಿದ್ದೆ. ನಾನು ಯಾರಿಗೂ ಹೇಳಲಿಲ್ಲ!"

ಟ್ರಾಕ್ಟರಿನವನು ಯಾವಾಗ ಇಂಜಿನ್ ಆರಿಸಿದನೋ ಗೊತ್ತಿಲ್ಲ. ಕೊನೆಯ ಮಾತು ಇಡೀ ಬಸ್ ಸ್ಟಾಂಡಿಗೆ ಕೇಳಿಸಿತು. ಹೂವಿನವಳ ಕೈ ಹಾಗೇ ನಿಂತಿತ್ತು. ಆ ಕಡೆಯಿಂದ ಸೆಕ್ರೆಟರಿ, "ಅಯ್ಯೋ, ಅವಳು ಆಫೀಸಿಗೆ ಬರದೆ ಊರಿಂದಲೇ ನೇರ ಹೊರಟಿರ್ತಾಳಲ್ಲಮ್ಮ, ಏಳೂವರೆ ಬಸ್ಸಿಗೇ. ಈಗಲೇ ಜೀಪು ಕಳಿಸ್ತೀನಿ" ಅಂದರು.

ಹಿಂದೆ ತಿರುಗಿದರೆ ಅತ್ತೆ ನಿಂತಿದ್ದರು. "ನಾಕ್ ತಿಂಗ್ಳು... ನನ್ ಎದ್ರಿಗೇ ಕೂತ್ಕಂಡು... ಒಂದ್ ಮಾತು ಅನ್ನೋಕಾಗ್ನಿಲ್ವಾ?" ಅಂದರು. ಹೊಡೆಯುತ್ತಾರೇನೋ ಅಂದುಕೊಂಡೆ. ಕಾದಿದ್ದ ಗಂಡಸರ ಕಡೆ ತಿರುಗಿ, "ಏನ್ರಪ್ಪ ನೋಡ್ತೀರಾ, ಎಣ್ಮಕ್ಳು ಮಾತಾಡದ್ನ ಕಂಡಿಲ್ವಾ?" ಅಂತ ಗದರಿ, ನನ್ನನ್ನು ಕರಕೊಂಡು ಹೋಗಿ ಬಸ್ ಸ್ಟಾಂಡಿನ ಕಲ್ಲು ಬೆಂಚಿನ ಮೇಲೆ ಕೂರಿಸಿದರು. "ಮೊದ್ಲು ಆ ಉಡ್ಗಿ ಬರ್ಲಿ. ಆಮೇಲೆ ನಿನ್ನ ಇಚಾರಿಸ್ಕತೀನಿ."

ಅಲ್ಲಿ ಕೂತ ಏಳು ಗಂಟೆ ಹೊತ್ತಿನ ಮುಂದೆ ಆ ಅಡುಗೆಮನೆಯ ಐದು ಗಂಟೆ ಏನೂ ಅಲ್ಲ. ಆ ಊರಿನಲ್ಲಿ ಫೋನಿಲ್ಲ. ಮಧ್ಯಾಹ್ನ ಇನ್ನೊಂದು ಸಲ ಬೂತಿಗೆ ಹೋಗಿ ಕೇಳಿದೆ, ಜೀಪು ಇನ್ನೂ ಬಂದಿಲ್ಲ ಅಂದರು. ಕೆ.ಆರ್. ಪೇಟೆ ಕಡೆಯ ಬಸ್ಸು ಬಂದಾಗಲೆಲ್ಲಾ ಎದ್ದು ನಿಲ್ಲುತ್ತಿದ್ದೆ, ಖಾಲಿಯಾಗೋ ತನಕ ನೋಡಿ ಕೂರುತ್ತಿದ್ದೆ. ಅವಳಿಗೆ ಏನಾದರೂ ಆದರೆ ಅವರಮ್ಮನ ಮುಂದೆ ಹೇಗೆ ನಿಲ್ಲಲಿ? ನಿನ್ನೆ ಸಂಜೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅತ್ತೆ ಬಿಸ್ಕತ್ತು ತಂದು ಕೈಗಿಟ್ಟರು, ಅದು ಬೆವರಿಗೆ ಮೆತ್ತಗಾಯಿತು.

ನಾಲ್ಕು ಗಂಟೆ ಬಸ್ಸಿನಿಂದ ನಸೀಮಾ ಇಳಿದಳು. ಚೀಲ, ಛತ್ರಿ, ಎಂದಿನ ಹಾಗೇ. ಜೀಪು ಅವಳಿಗೆ ಸಿಕ್ಕಿರಲೇ ಇಲ್ಲ. ನಾನು ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ.

"ಹೋಗಿದ್ದೆಯಾ? ಅವನಿದ್ದನಾ?"

"ಇದ್ದ ಅಕ್ಕಾ. ಅವ್ಳಿಲ್ಲ. ನಾಗಮಂಗಲದ ಹತ್ರ ತಾಯಿ ಮನೇಲವ್ಳಂತೆ, ಪಕ್ಕದ್ಮನೆ ಅಜ್ಜಿ ಹೇಳಿದ್ಲು. ಅವ್ನು ಬಾಗ್ಲಲ್ಲಿ ನಿಂತ್ಕಂಡು ಗುರಾಯಿಸ್ದ. ನಾನು ಜಗ್ಲಿ ಮೇಲೆ ಕುಂತಿದ್ದೆ, ಬೀದಿ ತುಂಬಾ ಜನ, ಏನ್ ಮಾಡ್ತಾನೆ? ಎದ್ದು ಬಂದೆ. ಯಾಕಕ್ಕಾ, ಇಂಗ್ ನಡುಗ್ತಿದೀರಾ?"

"ಒಳಗೆ ಹೋಗಲಿಲ್ವಾ? ಅಡುಗೆಮನೆಗೆ?"

ನಸೀಮಾ ನಕ್ಕಳು. "ಏನಕ್ಕಾ ನೀವು! ನನ್ನ ಯಾರು ಅಡ್ಗೆಮನೆ ತನಕ ಬುಡ್ತಾರೆ? ಏಳು ವರ್ಷದಲ್ಲಿ ಈ ಕಡೆ ಯಾವ ಮನೇಲೂ ಜಗ್ಲಿ ದಾಟಿಲ್ಲ ನಾನು."

ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅವಳಿಗೆ ಎಲ್ಲಾ ಹೇಳಿದೆ. ಚಿಲಕ, ಹೊಗೆ, ಮಚ್ಚು, ಫೈಲಿನ ಸಾಲು, ನಿನ್ನೆ ಸಂಜೆ ನುಂಗಿಕೊಂಡ ಮಾತು. ಅವಳ ನಗು ಹೋಯಿತು. ಕೈ ಬಿಡಿಸಿಕೊಂಡಳು. ತಪ್ಪು ಯಾರ ಮೇಲಾದರೂ ಹಾಕಬೇಕು ಅನ್ನೋ ಹಾಗೆ ಅವಳನ್ನೇ ಕೇಳಿಬಿಟ್ಟೆ:

"ಏಳು ವರ್ಷ ನಾನು ಟ್ರೈನಿಂಗಿನಲ್ಲಿ ಒಲೆ ಮುಂದೆ ಕೂರಿ, ಒಲೆ ಮುಂದೆ ಕೂರಿ ಅಂತ ಬಡಕೊಂಡೆ. ಮುಂದಿನ ಸಾಲಲ್ಲಿ ಕೂತು ಬರಕೊಳ್ತಿದ್ದೆಯಲ್ಲೇ. ನಿನ್ನನ್ನ ಯಾರೂ ಒಳಗೇ ಬಿಡಲ್ಲ ಅಂತ ಒಂದು ದಿನ ಹೇಳಬಾರದಿತ್ತಾ?"

ನಸೀಮಾ ಛತ್ರಿ ಎತ್ತಿಕೊಂಡಳು. ನನ್ನನ್ನು ನೋಡಿದಳು, ನಮ್ಮತ್ತೆಯನ್ನೂ ಒಂದು ಸಲ ನೋಡಿದಳು.

"ಮಾನದ ಮಾತಲ್ವಾ ಅಕ್ಕಾ," ಅಂದಳು. "ನೀವು ಹೇಳಿದ್ರಾ?"